ಉಮ್ಮನ ಮುಖ ತೋರಿಸದೆ ಸಿನಿಮಾ ಆಗುತ್ತಾ?

ಪ್ರಶ್ನೆ: ಅಕ್ಕಾ, ನಾನು ಬಿ.ಎ. ಎರಡನೇ ವರ್ಷ. ನನ್ನ ಉಮ್ಮನ (ಅಮ್ಮನ) ಬಗ್ಗೆ ಹತ್ತು ನಿಮಿಷದ ಕಿರುಚಿತ್ರ ಮಾಡಬೇಕು ಅಂತಿದ್ದೇನೆ. ಅವರನ್ನು ಐದನೇ ಕ್ಲಾಸಿಗೇ ಶಾಲೆ ಬಿಡಿಸಿದರು, ಬೀಡಿ ಕಟ್ಟಿಯೇ ನಮ್ಮನ್ನೆಲ್ಲ ಓದಿಸಿದ್ದಾರೆ. ಮಾತಾಡಲು ಒಪ್ಪಿದ್ದಾರೆ, ಮುಖ ಮಾತ್ರ ಬೇಡವಂತೆ. ಮುಖವೇ ಇಲ್ಲದ ಸಿನಿಮಾ ಯಾರು ನೋಡ್ತಾರೆ ಅಂತ ಗೆಳತಿಯರು ಕೇಳ್ತಾರೆ.
– ಓದುಗರು, ಉಳ್ಳಾಲ

ಉತ್ತರ: ನೋಡ್ತಾರೆ ತಂಗಿ. ಉಮ್ಮ ಬೇಡ ಅಂದರೆ ಬೇಡ, ಅದರಲ್ಲಿ ಎರಡು ಮಾತಿಲ್ಲ. ಕೈ ಇದೆಯಲ್ಲ! ನಾನೊಮ್ಮೆ ಬೀಡಿ ಕಟ್ಟುವ ಮನೆಯೊಂದರಲ್ಲಿ ಮಧ್ಯಾಹ್ನವಿಡೀ ಕೂತಿದ್ದೆ. ಆಕೆ ಒದ್ದೆ ಎಲೆ ಕತ್ತರಿಸಿ, ಹೊಗೆಸೊಪ್ಪು ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಮೊರಕ್ಕೆ ಹಾಕ್ತಾ ಇದ್ದರು, ಮಾತು ನಿಲ್ಲಲಿಲ್ಲ, ಕಣ್ಣು ಒಮ್ಮೆಯೂ ಕೈ ಕಡೆ ಹೋಗಲಿಲ್ಲ. ಮಗಳ ಮದುವೆ ವಿಷಯ ಬಂದಾಗ ಮಾತ್ರ ಕೈ ನಿಂತುಬಿಟ್ಟಿತು. ಆ ನಿಂತ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅಂಥದ್ದಕ್ಕಾಗಿ ಕಾಯಿರಿ.

ಉಮ್ಮ ನಿಮ್ಮ ಮನೆಮಾತು ಬ್ಯಾರಿಯಲ್ಲೇ ಮಾತಾಡಲಿ. ಕನ್ನಡದಲ್ಲಿ ಹೇಳಿ ಅಂದರೆ ಪಾಠ ಒಪ್ಪಿಸಿದ ಹಾಗಾಗುತ್ತೆ, ಕೆಳಗೆ ಕನ್ನಡ ಸಬ್‌ಟೈಟಲ್ ಹಾಕಿದರಾಯ್ತು. ಫೋನನ್ನು ಮಡಿಲ ಹತ್ತಿರ ಇಡಿ. ಹೊಗೆಸೊಪ್ಪು ಹಾರುತ್ತೆ ಅಂತ ಫ್ಯಾನ್ ಹೇಗೂ ಆಫ್ ಇರುತ್ತೆ, ಧ್ವನಿ ಚೆನ್ನಾಗಿ ಬರುತ್ತೆ. ಇನ್ನೊಂದು ಕೇಳಿಕೊಳ್ತೇನೆ, ಬುರ್ಖಾದ ನೆರಳು ತೋರಿಸಿ ಹಿಂದೆ ಆಜಾನ್ ಹಾಕಿ ಶುರು ಮಾಡಬೇಡಿ. ಎಷ್ಟೋ ಚಿತ್ರಗಳು ಹಾಗೇ ಶುರುವಾಗುತ್ತವೆ, ಅದರಲ್ಲಿ ನಿಮ್ಮ ಉಮ್ಮ ಇಲ್ಲ.

ಎಡಿಟ್ ಮುಗಿದ ಮೇಲೆ ಮೊದಲು ಉಮ್ಮನಿಗೆ ತೋರಿಸಿ, ಕಾಲೇಜಿಗೆ ಆಮೇಲೆ. ಚಿತ್ರ ಮುಗಿದರೂ ಅದೇ ಬೀದಿಯಲ್ಲಿ ಬದುಕಬೇಕಾದವರು ಅವರು. ಅವರು ಬೇಡ ಅಂದದ್ದು ಎಷ್ಟೇ ಚೆನ್ನಾಗಿ ಬಂದಿರಲಿ, ತೆಗೆದುಬಿಡಿ.

ಪ್ರಶ್ನೆ: ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ ಇಂಥ ಸಣ್ಣ ಸಣ್ಣ ಚಿತ್ರ ಮಾಡುವುದರಿಂದ ಏನಾದರೂ ಬದಲಾಗುತ್ತಾ? ಪ್ರಶಸ್ತಿ ಬರುತ್ತೆ, ಅಷ್ಟೇ ಅಲ್ವಾ?
– ಓದುಗರು, ದಾವಣಗೆರೆ

ಉತ್ತರ: ಒಂದು ಚಿತ್ರದ ವಿಷಯ ಹೇಳ್ತೇನೆ. ಪಾಕಿಸ್ತಾನದ ಶರ್ಮೀನ್ ಒಬೈದ್ ಚಿನಾಯ್ ಮಾಡಿದ 'ಎ ಗರ್ಲ್ ಇನ್ ದ ರಿವರ್', ಸುಮಾರು 40 ನಿಮಿಷದ ಸಾಕ್ಷ್ಯಚಿತ್ರ. ಇಷ್ಟಪಟ್ಟವನನ್ನು ಮದುವೆಯಾದಳು ಅಂತ 19 ವರ್ಷದ ಹುಡುಗಿಗೆ ಅವಳ ಅಪ್ಪನೇ ಗುಂಡು ಹೊಡೆದು, ಚೀಲದಲ್ಲಿ ತುಂಬಿ ನದಿಗೆ ಎಸೆದ. ಅವಳು ಬದುಕಿ ಬಂದಳು. ಆಗಿನ ಅಲ್ಲಿನ ಕಾನೂನಿನಲ್ಲಿ ಮನೆಯವರು ಕ್ಷಮಿಸಿದರೆ ಕೊಂದವನೂ ಹೊರಗೆ ಬರಬಹುದಿತ್ತು. ನಾನು ಕ್ಷಮಿಸಲ್ಲ ಅಂತ ಹುಡುಗಿ ಗಟ್ಟಿಯಾಗಿ ನಿಂತಿದ್ದಳು, ಆದರೆ ಓಣಿಯ ಹಿರಿಯರೆಲ್ಲ ಸೇರಿ, ಇದೇ ಊರಲ್ಲಿ ಬಾಳಬೇಕಲ್ವಾ ಅಂತ ಒತ್ತಾಯ ಮಾಡಿ ಮಾಡಿ ಕೊನೆಗೂ ರಾಜಿ ಮಾಡಿಸಿದರು. ಬಿಡುಗಡೆಯಾದ ಅಪ್ಪ, ಇದರಿಂದ ನನ್ನ ಮರ್ಯಾದೆ ಹೆಚ್ಚಿದೆ ಅಂತ ಕ್ಯಾಮೆರಾ ಮುಂದೆಯೇ ಹೇಳ್ತಾನೆ. ನನಗೆ ಹೊಟ್ಟೆ ತೊಳಸಿದ ಹಾಗಾಯಿತು.

2016ರ ಫೆಬ್ರವರಿಯಲ್ಲಿ ಚಿತ್ರಕ್ಕೆ ಆಸ್ಕರ್ ಬಂತು. ಅದಕ್ಕೂ ಮೊದಲೇ ಪ್ರಧಾನಿ ನವಾಜ್ ಷರೀಫ್ ಅದನ್ನು ತಮ್ಮ ಕಚೇರಿಯಲ್ಲಿ ಪ್ರದರ್ಶನ ಮಾಡಿಸಿ ಕಾನೂನು ಬದಲಿಸುವ ಮಾತು ಕೊಟ್ಟಿದ್ದರು. ಜುಲೈನಲ್ಲಿ ಸಾಮಾಜಿಕ ಜಾಲತಾಣದ ತಾರೆ ಕಂದೀಲ್ ಬಲೂಚ್‌ಳನ್ನು ಒಡಹುಟ್ಟಿದವನೇ ಕೊಂದ, ದೇಶವೇ ಸಿಟ್ಟಿಗೆದ್ದಿತು. ಅಕ್ಟೋಬರ್‌ನಲ್ಲಿ ಸಂಸತ್ತು ಕಾನೂನು ತಿದ್ದಿತು: ಮರ್ಯಾದೆ ಹತ್ಯೆಯಾದರೆ ಮನೆಯವರು ಕ್ಷಮಿಸಿದರೂ ಜೀವಾವಧಿ ಶಿಕ್ಷೆ. ಇದೆಲ್ಲ ಒಂದು ಚಿತ್ರದಿಂದಲೇ ಆಯಿತು ಅಂತ ನಾನು ಹೇಳಲ್ಲ, ವರ್ಷಗಟ್ಟಲೆ ಹೋರಾಡಿದ ಅಲ್ಲಿನ ಹೆಂಗಸರಿದ್ದಾರೆ. ಕೊಲೆಗಳು ನಿಂತೂ ಇಲ್ಲ, ಮರ್ಯಾದೆಗಲ್ಲ ಬೇರೆ ಜಗಳಕ್ಕೆ ಕೊಂದೆ ಅಂತ ನುಣುಚಿಕೊಳ್ಳುವ ದಾರಿ ಇನ್ನೂ ಇದೆ. ಆದರೂ 'ಅಷ್ಟೇ' ಅಂದರೆ ನಾನು ಒಪ್ಪಲ್ಲ. ಅಂದಹಾಗೆ, ಇದು ಒಂದು ಧರ್ಮದವರ ರೋಗವೂ ಅಲ್ಲ. ಜಾತಿ ಬಿಟ್ಟು ಮದುವೆಯಾದ ಹುಡುಗಿಯರನ್ನು ನಮ್ಮ ಕರ್ನಾಟಕದಲ್ಲೂ ಹೆತ್ತವರೇ ಕೊಂದಿದ್ದಾರೆ.

ಪ್ರಶ್ನೆ: ನಾನು ಮುಸ್ಲಿಂ ಅಲ್ಲ, ಜೊತೆಗೆ ಗಂಡಸು. ಪಕ್ಕದ ಮನೆಯ ಹೆಂಗಸರ ಬದುಕಿನ ಮೇಲೆ ಕಿರುಚಿತ್ರ ಮಾಡಬಹುದಾ?
– ಓದುಗರು, ಹಾಸನ

ಉತ್ತರ: ಮಾಡಿ. ನಿಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು, ಅದರ ನಟನೆಗೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಕಥೆ ಬರೆದವರು ಯಾರು ನೋಡಿ. ಆ ಸಮಾಜದೊಳಗೇ ಬೆಳೆದವರು, ವಕೀಲೆಯಾಗಿ ಹೆಂಗಸರ ಕಷ್ಟವನ್ನು ಎದುರು ಕೂತು ಕೇಳಿದವರು. ನೀವೂ ಆ ಮನೆಯಲ್ಲಿ ಬರೆಯುವವರು ಯಾರಾದರೂ ಇದ್ದಾರಾ ಕೇಳಿ, ಇದ್ದರೆ ಚಿತ್ರಕಥೆ ಅವರ ಹೆಸರಲ್ಲೇ ಬರಲಿ. ಕ್ಯಾಮೆರಾ ಹಿಡಿಯಲು ಒಬ್ಬ ಹುಡುಗಿ ಇರಲಿ. ಅಡುಗೆಮನೆಯ ಮಾತು ನಿಮ್ಮೆದುರು ಬರಲ್ಲ, ಅವಳೆದುರು ಬರುತ್ತೆ. ಅಲ್ಲಿ ರೆಕಾರ್ಡಿಂಗ್ ನಡೆಯುವಾಗ ನೀವು ಜಗಲಿಯಲ್ಲಿ ಕೂತು ಕಾಯಿರಿ.