ಬೆತ್ನಲ್ ಗ್ರೀನ್ ಯಾರ ಕ್ಷೇತ್ರ?

ಪ್ರಶ್ನೆ: ಕಳೆದ ವರ್ಷ ಲಂಡನ್‌ಗೆ ಹೋಗಿದ್ದೆ. ಪೂರ್ವ ಲಂಡನ್‌ನ ಬ್ರಿಕ್ ಲೇನ್‌ನಲ್ಲಿ ಬೀದಿಯ ಹೆಸರು ಬಂಗಾಳಿಯಲ್ಲೂ ಬರೆದಿದೆ. ಅಲ್ಲಿನ ಎಂಪಿ ಕೂಡ ಬಾಂಗ್ಲಾದೇಶ ಮೂಲದವರಂತೆ. ಹೊರಗಿನಿಂದ ಬಂದವರ ಸಂಖ್ಯೆ ಜಾಸ್ತಿ ಆದರೆ ಸೀಟು ತಾನಾಗಿಯೇ ಅವರ ಕೈಗೆ ಬಂದುಬಿಡುತ್ತದಾ?

ಉತ್ತರ: ಇಲ್ಲ. ಬ್ರಿಕ್ ಲೇನ್ ಇರುವ ಬೆತ್ನಲ್ ಗ್ರೀನ್ ಕ್ಷೇತ್ರದಲ್ಲೂ ತಾನಾಗಿ ಬರಲಿಲ್ಲ. ಅದಕ್ಕೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಒಂದು ಜೀವವೂ ಹೋಯಿತು.

ಬ್ರಿಕ್ ಲೇನ್‌ಗೆ ಫೋರ್ನಿಯರ್ ಸ್ಟ್ರೀಟ್ ಬಂದು ಸೇರುವ ಮೂಲೆಯಲ್ಲಿ ಒಂದು ಮಸೀದಿ ಇದೆ, ನೀವು ನೋಡಿರಬಹುದು. 1743ರಲ್ಲಿ ಅದನ್ನು ಚರ್ಚ್ ಆಗಿ ಕಟ್ಟಿಸಿದ್ದು ಫ್ರಾನ್ಸ್‌ನಿಂದ ತಪ್ಪಿಸಿಕೊಂಡು ಬಂದ ಪ್ರಾಟೆಸ್ಟೆಂಟರು. ಆಮೇಲೆ ಅದು ಮೆಥಡಿಸ್ಟರು ಎಂಬ ಇನ್ನೊಂದು ಕ್ರೈಸ್ತ ಪಂಗಡದ ಕೈಗೆ ಹೋಯಿತು. 1898ರಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ (ಸಿನಗಾಗ್) ಆಯಿತು. 1976ರಿಂದ ಮಸೀದಿ. ಬಂದ ಜನರಿಗೆಲ್ಲ ಆ ಕಟ್ಟಡ ಬಾಗಿಲು ತೆರೆಯಿತು. ರಾಜಕೀಯ ಮಾತ್ರ ಅಷ್ಟು ಸಲೀಸಾಗಿ ತೆರೆಯಲಿಲ್ಲ.

ಯಹೂದಿಗಳನ್ನೇ ತಗೊಳ್ಳಿ. 1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ನಡೆದ ದಾಳಿಗಳಿಗೆ ಹೆದರಿ ಸಾವಿರಾರು ಜನ ಈ ಕಡೆ ಬಂದರು. ಪಕ್ಕದ ಸ್ಟೆಪ್ನಿಯಲ್ಲಿ 1900ರಲ್ಲಿ ಗೆದ್ದ ವಿಲಿಯಂ ಇವಾನ್ಸ್-ಗಾರ್ಡನ್ ವಲಸೆಯ ವಿರುದ್ಧವೇ ಪ್ರಚಾರ ನಡೆಸಿದವರು. 1905ರಲ್ಲಿ ವಲಸೆ ತಡೆಯುವ ಕಾನೂನೂ ಬಂತು. ಬಂದವರಲ್ಲಿ ಎಷ್ಟೋ ಜನಕ್ಕೆ ಪೌರತ್ವ ಇರಲಿಲ್ಲ, ಹಾಗಾಗಿ ಓಟೂ ಇರಲಿಲ್ಲ. ಲೆಕ್ಕ ಬದಲಾಗಿದ್ದು ಅಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳ ಕಾಲಕ್ಕೆ. 1936ರ ಅಕ್ಟೋಬರ್ 4ರಂದು ಕೇಬಲ್ ಸ್ಟ್ರೀಟ್‌ನಲ್ಲಿ ಬ್ರಿಟನ್‌ನ ಫ್ಯಾಸಿಸ್ಟ್ ನಾಯಕ ಮೋಸ್ಲಿಯ ಮೆರವಣಿಗೆಯನ್ನು ಯಹೂದಿಗಳು, ಐರಿಷ್ ಕೂಲಿಗಳು, ಕಮ್ಯುನಿಸ್ಟರು ಸೇರಿ ತಡೆದರು. ಎಲ್ಲರೂ ನೆನೆಯುವುದು ಆ ದಿನವನ್ನೇ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಆಮೇಲೆ ನಡೆದ ಬಾಡಿಗೆ ಹೋರಾಟ: ಸೋರುವ ಮನೆಗೆ ದುಬಾರಿ ಬಾಡಿಗೆ ಕೇಳುತ್ತಿದ್ದ ಮಾಲೀಕರಿಗೆ ಬಾಡಿಗೆ ಕೊಡುವುದನ್ನೇ ನಿಲ್ಲಿಸಿ, ಜಾತಿ ಮತ ನೋಡದೆ ಬಾಡಿಗೆದಾರರು ಒಟ್ಟಾಗಿ ನಿಂತರು. ಅದರಲ್ಲಿ ದುಡಿದ ಫಿಲ್ ಪಿರಾಟಿನ್ 1945ರಲ್ಲಿ ಮೈಲ್ ಎಂಡ್‌ನಿಂದ ಪಾರ್ಲಿಮೆಂಟಿಗೆ ಹೋದರು. ಆ ಸಲ ಇಡೀ ಬ್ರಿಟನ್‌ನಲ್ಲಿ ಗೆದ್ದ ಕಮ್ಯುನಿಸ್ಟರು ಇಬ್ಬರೇ, ಅವರಲ್ಲಿ ಇವರೊಬ್ಬರು.

ಬಂಗಾಳಿಗಳ ಕಥೆ ಶುರುವಾಗುವುದು ಬೇರೆ ಥರ. ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ಹಡಗಿನ ಕೆಲಸಕ್ಕೆ ಬಂದವರು, ಆಮೇಲೆ ಬಟ್ಟೆ ಕಾರ್ಖಾನೆಗಳಿಗೆ ಬಂದವರು, ಇವರೆಲ್ಲ ಕಾಮನ್‌ವೆಲ್ತ್, ಅಂದರೆ ಬ್ರಿಟನ್ ಮತ್ತು ಹೆಚ್ಚಾಗಿ ಅದರ ಹಳೆಯ ವಸಾಹತುಗಳ ಕೂಟದ ಪ್ರಜೆಗಳು. ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಸಾಕು, ಪೌರತ್ವಕ್ಕೆ ಕಾಯದೆ ಓಟು ಹಾಕಬಹುದಿತ್ತು. ಹೊಸದಾಗಿ ಬಂದವರಿಗೆ ಇದು ಬಹಳ ದೊಡ್ಡ ಆಸರೆ. ಆದರೆ ಬರೀ ಓಟಿನ ಹಕ್ಕು ಇದ್ದರೆ ಮನೆ ಸಿಗುತ್ತದೆಯೇ? 70ರ ದಶಕದಲ್ಲಿ ಹೆಂಡತಿ ಮಕ್ಕಳು ಬಂದು ಸೇರಿಕೊಂಡಾಗ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಬಾಡಿಗೆಗೆ ಕೊಡುವ ಮನೆಗಳು ಇವರಿಗೆ ಸಿಗಲಿಲ್ಲ. ಖಾಲಿ ಬಿದ್ದಿದ್ದ ಕಟ್ಟಡಗಳಿಗೆ ನುಗ್ಗಿ ಸಂಸಾರ ಹೂಡಿದರು. 1976ರಲ್ಲಿ ಬೆಂಗಾಲಿ ಹೌಸಿಂಗ್ ಆಕ್ಷನ್ ಗ್ರೂಪ್ ಅಂತ ಕಟ್ಟಿಕೊಂಡರು. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ 'ಭಾಗ್' ಅಂತ ಓದಿದರೆ ಬಂಗಾಳಿ ಕಿವಿಗೆ ಹುಲಿ ಅಂತಲೂ ಕೇಳುತ್ತದೆ, ಪಾಲು ಅಂತಲೂ ಕೇಳುತ್ತದೆ. ಅವರು ಕೇಳುತ್ತಿದ್ದುದೂ ಪಾಲನ್ನೇ ಅಲ್ವಾ.

1978ರ ಮೇ 4, ಅಲ್ಲಿನ ಕೌನ್ಸಿಲ್ ಚುನಾವಣೆಯ ದಿನ. ಜನಾಂಗದ್ವೇಷವನ್ನೇ ಬಂಡವಾಳ ಮಾಡಿಕೊಂಡಿದ್ದ ನ್ಯಾಷನಲ್ ಫ್ರಂಟ್ ಕೂಡ ಕಣದಲ್ಲಿತ್ತು. ಆ ಸಂಜೆ ಅಲ್ತಾಬ್ ಅಲಿ ಎಂಬ ಯುವಕ, ಬಟ್ಟೆ ಕಾರ್ಖಾನೆಯ ಕಾರ್ಮಿಕ, ವೈಟ್‌ಚಾಪೆಲ್ ಹತ್ತಿರ ಕೊಲೆಯಾದ. ಹತ್ತು ದಿನದ ನಂತರ ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ನಡೆದುಕೊಂಡು ಡೌನಿಂಗ್ ಸ್ಟ್ರೀಟ್‌ವರೆಗೆ ಹೋದರು. ಆಗ ಬೀದಿಗಿಳಿದ ಹುಡುಗರಲ್ಲಿ ಹಲವರು ಮುಂದೆ ಲೇಬರ್ ಪಕ್ಷದ ವಾರ್ಡ್ ಸಭೆಗಳಲ್ಲಿ ಹೋಗಿ ಕೂತರು. ಸದಸ್ಯತ್ವ ಮಾಡಿಸಿದರು, ಮನೆ ಮನೆ ತಿರುಗಿದರು. 1982ರಲ್ಲಿ ಈ ಪ್ರದೇಶದ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್‌ಗೆ ಮೊದಲ ಬಂಗಾಳಿ ಸದಸ್ಯರು ಬಂದರು. ನೀವು ಹೇಳಿದ ಎಂಪಿ, ಲೇಬರ್ ಪಕ್ಷದ ರುಶನಾರಾ ಅಲಿ, ಗೆದ್ದು ಬಂದಿದ್ದು 2010ರಲ್ಲಿ. ನಡುವಿನ ಆ 28 ವರ್ಷವನ್ನು ಮರೆತರೆ ಸುಮ್ನೆ ಜನಸಂಖ್ಯೆಯಿಂದ ಎಲ್ಲ ಆಯಿತು ಅನಿಸಿಬಿಡುತ್ತದೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಒಂದು ಸಮುದಾಯದ ಜನ ಒಂದು ಕಡೆ ಜಾಸ್ತಿ ಇದ್ದರೆ ಅವರ ಓಟೆಲ್ಲ ತಮ್ಮವರಿಗೇ ಬೀಳುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಲಂಡನ್‌ನಲ್ಲೂ ಹಾಗೇನಾ?

ಉತ್ತರ: ಮೇಷ್ಟ್ರೇ, ಈ ಮಾತನ್ನು ಅಲ್ಲಗಳೆಯಲು ಬೆತ್ನಲ್ ಗ್ರೀನ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಸಂಖ್ಯೆ ನೋಡೋಣ. 2021ರ ಜನಗಣತಿ ಪ್ರಕಾರ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಬಾಂಗ್ಲಾದೇಶ ಮೂಲದವರು ಶೇ 34.6. ಅಂದರೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲಿನ ಓಟು ಬೀಳದೆ ಯಾರೂ ಆರಾಮವಾಗಿ ಗೆಲ್ಲೋಕಾಗಲ್ಲ.

ಈಗ 2005ಕ್ಕೆ ಬನ್ನಿ. ಆಗಿನ ಎಂಪಿ ಲೇಬರ್ ಪಕ್ಷದ ಊನಾ ಕಿಂಗ್. ತಂದೆ ಕಪ್ಪು ಅಮೆರಿಕನ್, ತಾಯಿ ಬ್ರಿಟಿಷ್ ಯಹೂದಿ. ಅವರು ಇರಾಕ್ ಯುದ್ಧದ ಪರ ಓಟು ಹಾಕಿದ್ದರು. 2001ರಲ್ಲಿ 10,057 ಓಟಿನ ಅಂತರದಿಂದ ಗೆದ್ದಿದ್ದವರನ್ನು ಯುದ್ಧ ವಿರೋಧಿಸುತ್ತಿದ್ದ ರೆಸ್ಪೆಕ್ಟ್ ಪಕ್ಷದ ಜಾರ್ಜ್ ಗ್ಯಾಲೊವೇ 823 ಓಟಿನಿಂದ ಸೋಲಿಸಿದರು. ಗ್ಯಾಲೊವೇ ಸ್ಕಾಟ್ಲೆಂಡಿನವರು, ಬಂಗಾಳಿ ಅಲ್ಲ, ಆ ಊರಿನವರೂ ಅಲ್ಲ. ಬಂಗಾಳಿ ಓಟು ಬಂಗಾಳಿಗೇ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ? ಜನ ಯುದ್ಧದ ಮೇಲೆ ಸಿಟ್ಟಾಗಿದ್ದರು, ಆ ಸಿಟ್ಟನ್ನು ಓಟಾಗಿ ಹಾಕಿದರು. 2010ರಲ್ಲಂತೂ ಲೇಬರ್, ಕನ್ಸರ್ವೇಟಿವ್, ಲಿಬರಲ್ ಡೆಮಾಕ್ರಾಟ್, ರೆಸ್ಪೆಕ್ಟ್, ನಾಲ್ಕೂ ಪಕ್ಷದವರು ಬಾಂಗ್ಲಾ ಮೂಲದವರನ್ನೇ ನಿಲ್ಲಿಸಿದರು. ಆಗ 'ನಮ್ಮವರು' ಅನ್ನುವ ಲೆಕ್ಕ ಎಲ್ಲಿ ಉಳಿಯಿತು? ಪಕ್ಷ ನೋಡಿ, ಕೆಲಸ ನೋಡಿ ಆರಿಸಬೇಕಾಯಿತು.

2024ರದ್ದು ಇನ್ನೂ ತಾಜಾ. 2019ರಲ್ಲಿ ರುಶನಾರಾ ಅಲಿ ಗೆದ್ದ ಅಂತರ 37,524. 2023ರ ನವೆಂಬರ್‌ನಲ್ಲಿ ಗಾಜಾ ಕದನವಿರಾಮದ ಗೊತ್ತುವಳಿ ಬಂದಾಗ ಅವರು ಓಟು ಹಾಕದೆ ಉಳಿದರು. ಮುಂದಿನ ಚುನಾವಣೆಯಲ್ಲಿ ಪಕ್ಷೇತರ ಅಜ್ಮಲ್ ಮಸ್ರೂರ್ ಎದುರು ಅಂತರ 1,689ಕ್ಕೆ ಇಳಿಯಿತು. ಕ್ಷೇತ್ರದ ಗಡಿ ಸ್ವಲ್ಪ ಬದಲಾಗಿತ್ತು, ಹೆಸರೂ 'ಬೆತ್ನಲ್ ಗ್ರೀನ್ ಅಂಡ್ ಸ್ಟೆಪ್ನಿ' ಆಗಿತ್ತು, ನಿಜ. ಆದರೂ ಅಷ್ಟು ದೊಡ್ಡ ಅಂತರ ಕರಗಿದ್ದಕ್ಕೆ ಗಡಿ ಬದಲಾವಣೆ ಒಂದೇ ಕಾರಣ ಅಂತ ನಾನು ಒಪ್ಪಲ್ಲ.

ಮೇಷ್ಟ್ರಿಗೆ ಇನ್ನೊಂದು ಹೇಳಲೇಬೇಕು. ನಮ್ಮ ಬೊಂಬಾಯಿಯ ಪಾರ್ಸಿ ಮಂಚೇರ್ಜಿ ಭಾವನಗ್ರಿ 1895ರಲ್ಲೇ ಬೆತ್ನಲ್ ಗ್ರೀನ್ ನಾರ್ತ್ ಈಸ್ಟ್‌ನಿಂದ ಎಂಪಿ ಆಗಿದ್ದರು, ಅದೂ ಕನ್ಸರ್ವೇಟಿವ್ ಪಕ್ಷದಿಂದ. 1900ರಲ್ಲಿ ಮತ್ತೆ ಗೆದ್ದು 1906ರಲ್ಲಿ ಸೋತರು. ಆಗ ಅಲ್ಲಿ ಭಾರತೀಯರ ಓಟು ಅನ್ನುವಂಥದ್ದೇ ಇರಲಿಲ್ಲ. ಅವರನ್ನು ಗೆಲ್ಲಿಸಿದ್ದು ಬಡ ಬಿಳಿಯರ ಓಟು.

ಪ್ರಶ್ನೆ: ನನ್ನ ಮಗಳು ವೈಟ್‌ಚಾಪೆಲ್‌ನಲ್ಲಿ ರೂಮ್ ಮಾಡಿಕೊಂಡು ಎಂಎ ಓದುತ್ತಿದ್ದಾಳೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂತ ಕೌನ್ಸಿಲ್‌ನಿಂದ ಕಾಗದ ಬಂದಿದೆಯಂತೆ. ಅವಳ ಹತ್ತಿರ ಇರುವುದು ಭಾರತದ ಪಾಸ್‌ಪೋರ್ಟು. ಇದು ಏನೋ ಮೋಸ ಇರಬಹುದಾ?

ಉತ್ತರ: ಹೆದರಬೇಡಿ ಅಮ್ಮ. ಅಂಥ ಕಾಗದವನ್ನು ಕೌನ್ಸಿಲ್‌ನವರು ಎಲ್ಲ ಮನೆಗೂ ಕಳಿಸುತ್ತಾರೆ. ಕಾಗದದ ಮೇಲೇ ಅನುಮಾನ ಇದ್ದರೆ ನೇರವಾಗಿ ಸರ್ಕಾರದ ವೆಬ್‌ಸೈಟಿಗೆ ಹೋಗಿ ಹೆಸರು ಸೇರಿಸಲಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಯಾರಾದರೂ ಕೇಳಿದರೆ ಕೊಡಬಾರದು.

ಮೊದಲ ಉತ್ತರದಲ್ಲಿ ಹೇಳಿದ ಕಾಮನ್‌ವೆಲ್ತ್ ಹಕ್ಕು ಇವತ್ತಿಗೂ ಇದೆ. 18 ತುಂಬಿ, ವೀಸಾ ಮೇಲೆ ಕಾನೂನುಬದ್ಧವಾಗಿ ಅಲ್ಲಿ ವಾಸವಾಗಿರುವ ಭಾರತೀಯರು ಕೌನ್ಸಿಲ್‌ಗೂ ಓಟು ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಓದುವ ಹುಡುಗರು 'ನಾವು ಎರಡು ದಿನ ಇರೋರು, ನಮಗ್ಯಾಕೆ' ಅಂತ ಬಿಟ್ಟುಬಿಡುತ್ತಾರೆ. ಆದರೆ ರೂಮಿನ ಬಾಡಿಗೆ, ಬಸ್ಸು, ರಾತ್ರಿ ಹೊತ್ತು ಬೀದಿ ಎಷ್ಟು ಸುರಕ್ಷಿತ ಅನ್ನುವುದು ಇದ್ದಷ್ಟು ದಿನ ಅವಳಿಗೂ ಸೇರಿದ ವಿಷಯವೇ. ಓಟಿನ ದಿನಕ್ಕಿಂತ 12 ಕೆಲಸದ ದಿನ ಮೊದಲೇ ಹೆಸರು ಸೇರಿರಬೇಕು. 2023ರಿಂದ ಬೂತ್‌ನಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ. ಅದಕ್ಕೆ ಅವಳ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ, ತಗೊಂಡು ಹೋಗೋದನ್ನು ಮರೆಯದಿರಲಿ.