ದನಕ್ಕೆ ರೋಗ ಬಂದರೆ ಸರ್ಕಾರಕ್ಕೆ ಯಾಕೆ ಹೇಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ದನ ನನ್ನದು, ಕೊಟ್ಟಿಗೆ ನನ್ನದು, ಔಷಧಿ ಖರ್ಚೂ ನನ್ನದೇ, ಹಾಗಿರುವಾಗ ಕಾಲುಬಾಯಿ ಜ್ವರ ಬಂದರೆ ಇಲಾಖೆಗೆ ತಿಳಿಸಲೇಬೇಕು ಅನ್ನೋ ಕಾನೂನು ಯಾಕೆ, ತಿಳಿಸಿದರೆ ನಷ್ಟ ನನಗೇ ಅಲ್ವಾ?

ಹೌದು, ಎಷ್ಟೋ ಸಲ ನಷ್ಟ ನಿಮಗೇ. ದನಗಳ ಚಿಕಿತ್ಸೆಯ ಕೆಲಸದಲ್ಲೇ ಹಲವು ವರ್ಷ ಕಳೆದವನು ನಾನು. ಅದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡುವುದಿಲ್ಲ.

ಆದರೆ ರೋಗದ ದಾರಿ ಸ್ವಲ್ಪ ನೋಡಿ. ವೈರಸ್ ಮೈ ಸೇರಿದ 2ರಿಂದ 14 ದಿನದೊಳಗೆ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಗುಳ್ಳೆ ಏಳುತ್ತವೆ. ಗುಳ್ಳೆ ಕಾಣುವ ಮುಂಚೆಯೇ ಹಾಲಿನಲ್ಲಿ ವೈರಸ್ ಬರಲು ಶುರುವಾಗಿರಬಹುದು. ಅಂದರೆ ನಿಮಗೆ ಗೊತ್ತಾಗುವಷ್ಟರಲ್ಲಿ ಹಾಲಿನ ಕ್ಯಾನು, ಮೇವಿನ ಗಾಡಿ, ನಿಮ್ಮ ಚಪ್ಪಲಿ ಎಲ್ಲವೂ ಅದನ್ನು ಹೊತ್ತುಕೊಂಡು ಹೊರಟಿರುತ್ತವೆ. ಸಾಲದ್ದಕ್ಕೆ ಈ ವೈರಸ್ಸಿನಲ್ಲಿ 7 ಬಗೆ ಇವೆ, ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಈಗ ಓಡಾಡುತ್ತಿರುವುದು ಯಾವ ಬಗೆ ಅಂತ ಪ್ರಯೋಗಾಲಯವೇ ಹೇಳಬೇಕು, ಅದಕ್ಕೆ ಗುಳ್ಳೆಯ ಚರ್ಮದ ಚೂರು ಬೇಕು, ಚೂರು ಸಿಗಬೇಕಾದರೆ ನೀವು ಕರೆಯಬೇಕು.

2001ರಲ್ಲಿ ಬ್ರಿಟನ್ನಿನಲ್ಲಿ ಆಗಿದ್ದು ಇದೇ. ಫೆಬ್ರವರಿ 19ರಂದು ಒಂದು ಕಸಾಯಿಖಾನೆಯ ಹಂದಿಗಳಲ್ಲಿ ಅನುಮಾನ ಬಂತು, ಮರುದಿನ ಖಾತ್ರಿಯಾಯಿತು. ರೋಗ ಶುರುವಾಗಿದ್ದು ಮಾತ್ರ ದೂರದ ಇನ್ನೊಂದು ಹಂದಿ ಸಾಕಣೆಯಲ್ಲಿ. ಅಲ್ಲಿಂದ ಯಾರೂ ತಿಳಿಸಿರಲಿಲ್ಲ. ಖಾತ್ರಿಯಾಗುವ ಹೊತ್ತಿಗೆ 50ಕ್ಕೂ ಹೆಚ್ಚು ಕಡೆ ಸೋಂಕು ಹರಡಿಯಾಗಿತ್ತು. ಸರ್ಕಾರವೂ ಸಾಚಾ ಅಲ್ಲ ಬಿಡಿ, ದೇಶದಾದ್ಯಂತ ಜಾನುವಾರು ಸಾಗಾಟ ನಿಲ್ಲಿಸಲು 23ರ ತನಕ ಕಾಯಿತು. ಕೊನೆಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು, ಅದರಲ್ಲಿ ರೋಗವೇ ಇಲ್ಲದವು ಎಷ್ಟೋ.

ಜನ ಮುಚ್ಚಿಡುವುದನ್ನು ನಾನೂ ಕಂಡಿದ್ದೇನೆ. ಒಬ್ಬರ ಕೊಟ್ಟಿಗೆಗೆ ಹೋದಾಗ "ಇವತ್ತು ಬೆಳಿಗ್ಗೆ ತಾನೇ ಜೊಲ್ಲು ಶುರುವಾಯ್ತು" ಅಂದರು. ನಾಲಿಗೆ ಹಿಡಿದು ನೋಡಿದರೆ ಗುಳ್ಳೆ ಒಡೆದು, ಅಂಚು ಆಗಲೇ ಮಾಯಲು ಶುರುವಾಗಿತ್ತು. ನಾಲ್ಕೈದು ದಿನದ ಹಳೆಯ ಹುಣ್ಣು. ಹುಣ್ಣಿಗೆ ಸುಳ್ಳು ಹೇಳಲು ಬರಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಯೋಚಿಸಿದರೆ ಅವರ ಲೆಕ್ಕವೇನೂ ತಪ್ಪಿರಲಿಲ್ಲ: ಹೇಳಿದರೆ ಹಾಲು ನಿಲ್ಲುತ್ತದೆ, ದನ ಮಾರುವಂತಿಲ್ಲ, ಪರಿಹಾರ ಯಾವಾಗ ಬರುತ್ತದೋ ದೇವರಿಗೇ ಗೊತ್ತು.

ಹಾಗಾಗಿ ನನ್ನ ಮಟ್ಟಿಗೆ ರೋಗದ ಮೇಲೆ ಸರ್ಕಾರದ ಮೇಲ್ವಿಚಾರಣೆ ಅಂದರೆ ಮೊದಲು ಪರಿಹಾರ, ಆಮೇಲೆ ದಂಡ. ಇದು ಹೊಸ ಮಾತಲ್ಲ. 1714ರಲ್ಲಿ ಇಂಗ್ಲೆಂಡಿಗೆ ರಿಂಡರ್‌ಪೆಸ್ಟ್, ಅಂದರೆ ದೊಡ್ಡರೋಗ ಬಂದಾಗ ರಾಜನ ವೈದ್ಯ ಥಾಮಸ್ ಬೇಟ್ಸ್ ರೋಗದ ದನ ಕೊಂದು ಸುಡಿ, ಆದರೆ ಮಾಲೀಕನಿಗೆ ದುಡ್ಡು ಕೊಡಿ ಅಂದ. ಕೆಲವೇ ತಿಂಗಳಲ್ಲಿ ರೋಗ ನಿಂತಿತು. ಇಷ್ಟಾದರೂ ಪಾಠ ನೆನಪಿರಲಿಲ್ಲ ನೋಡಿ, 1988ರಲ್ಲಿ ಅದೇ ದೇಶ ಹುಚ್ಚುಹಸು ರೋಗ ಖಾತ್ರಿಯಾದ ದನಕ್ಕೆ ಬೆಲೆಯ ಅರ್ಧ ಮಾತ್ರ ಕೊಟ್ಟಿತು. ಹೀಗಾದರೆ ರೋಗದ ದನ ಸದ್ದಿಲ್ಲದೆ ಕಸಾಯಿಖಾನೆಗೆ ಹೋಗುತ್ತದೆ ಅಂತ ಟೀಕೆ ಬಂದು, 1990ರಲ್ಲಿ ಪೂರ್ತಿ ಬೆಲೆ ಕೊಡಲು ಒಪ್ಪಿದರು.

ಇನ್ನೊಂದು ಕಡೆ ಸರ್ಕಾರವನ್ನು ಧಾರಾಳವಾಗಿ ಬೈಯಬಹುದು: ಲಸಿಕೆಯ ಲೆಕ್ಕ. ಇಷ್ಟು ಲಕ್ಷ ಡೋಸ್ ಹಾಕಿದೆವು ಅಂತ ವರದಿ ಬರುತ್ತದೆ. ಕಾಲುಬಾಯಿ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ದಾರಿಯಲ್ಲಿ ಐಸ್ ಕರಗಿದರೆ ಚುಚ್ಚಿದ್ದು ಸುಮ್ನೆ ನೀರು. ನಿಜ ಗೊತ್ತಾಗಬೇಕಾದರೆ ಕೆಲವು ವಾರ ಬಿಟ್ಟು ಒಂದಷ್ಟು ದನಗಳ ರಕ್ತ ತೆಗೆದು ಪ್ರತಿಕಾಯ, ಅಂದರೆ ರೋಗದ ವಿರುದ್ಧ ಹೋರಾಡಲು ಮೈಯೇ ತಯಾರಿಸುವ ವಸ್ತು, ಬಂದಿದೆಯಾ ನೋಡಬೇಕು. ಅದನ್ನು ಲಸಿಕೆ ಹಾಕಿದವರೇ ಮಾಡಬಾರದು, ಬೇರೆಯವರು ಮಾಡಬೇಕು.

ಸರ್ಕಾರಗಳ ಕೈಯಲ್ಲಿ ಏನೂ ಆಗಲ್ಲ ಅಂತಲೂ ಅಲ್ಲ. ಅದೇ ರಿಂಡರ್‌ಪೆಸ್ಟ್ 2011ರಲ್ಲಿ ಭೂಮಿಯಿಂದಲೇ ಹೋಯಿತು ಅಂತ ಘೋಷಣೆಯಾಯಿತು. ಕೊನೆಯ ಪ್ರಕರಣ ಕಂಡಿದ್ದು 2001ರಲ್ಲಿ, ಕೀನ್ಯಾದ ಕಾಡೆಮ್ಮೆಗಳಲ್ಲಿ. ಮಧ್ಯದ ಹತ್ತು ವರ್ಷ ಇಲ್ಲದ ರೋಗವನ್ನು ಹುಡುಕುತ್ತಾ ಓಡಾಡಿದರು. ಲಸಿಕೆ ನಿಲ್ಲಿಸಬೇಕಾಯಿತು, ಯಾಕಂದರೆ ಲಸಿಕೆ ಹಾಕಿದ ದನದ ರಕ್ತದಲ್ಲೂ ಪ್ರತಿಕಾಯ ಕಾಣುತ್ತದೆ, ರೋಗದಿಂದ ಬಂದದ್ದೋ ಸೂಜಿಯಿಂದ ಬಂದದ್ದೋ ತಿಳಿಯಲ್ಲ.

ನಿಮ್ಮ ದನಕ್ಕೆ ಈಗ ಏನೂ ಆಗಿಲ್ಲ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಈಗಲೇ ಪಶು ಆಸ್ಪತ್ರೆಗೆ ಹೋಗಿ ಪರಿಹಾರ ಎಷ್ಟು, ಎಷ್ಟು ದಿನಕ್ಕೆ, ಸಾಗಾಟ ಎಷ್ಟು ದಿನ ನಿಲ್ಲಿಸುತ್ತಾರೆ ಅಂತ ಕೇಳಿ, ಬರಹದಲ್ಲೇ ಕೇಳಿ. ಜೊಲ್ಲು ಆಗಲೇ ಶುರುವಾಗಿದ್ದರೆ ಈ ಉತ್ತರ ಓದುವುದು ಬಿಟ್ಟು ಫೋನ್ ಮಾಡಿ, ಅವರು ಬರುವವರೆಗೆ ಕೊಟ್ಟಿಗೆಯ ಚಪ್ಪಲಿ ಕೊಟ್ಟಿಗೆಯಲ್ಲೇ ಇರಲಿ.