ಹಾಸನದಲ್ಲಿ ಬಾಡಿಗೆಗೆಂದು ಮನೆ ಕಟ್ಟಿಸುತ್ತಿದ್ದೇನೆ. ಸರ್ಕಾರದ ನಿಯಮಗಳಿಂದ ನನಗೆ ಏನು ವ್ಯತ್ಯಾಸ ಆಗುತ್ತದೆ?

ಮೊದಲು ಆದಾಯ ತೆರಿಗೆ ನೋಡಿ. ವಿದ್ಯಾನಗರದ ಕಡೆ ತಿಂಗಳಿಗೆ 10,000 ಬಾಡಿಗೆ ಬರುತ್ತದೆ ಅಂದುಕೊಳ್ಳಿ. ವರ್ಷಕ್ಕೆ 1,20,000. ನೀವು ಕಟ್ಟಿದ ಕಂದಾಯ 5,000 ಕಳೆದರೆ 1,15,000. ಅದರಲ್ಲಿ ಶೇ. 30, ಅಂದರೆ 34,500, ರಿಪೇರಿಗೆಂದು ಸುಮ್ನೆ ಬಿಡುತ್ತಾರೆ. ಸುಣ್ಣ-ಬಣ್ಣ ಮಾಡಿಸದಿದ್ದರೂ ಸರಿ, ರಸೀದಿ ಕೇಳುವುದಿಲ್ಲ. ಉಳಿದ 80,500 ಮಾತ್ರ ನಿಮ್ಮ ಆದಾಯ.

ಸಾಲ ಮಾಡಿ ಕಟ್ಟಿಸುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬಡ್ಡಿಯನ್ನೂ ಬಾಡಿಗೆಯಿಂದ ಕಳೆಯಬಹುದು. ಬಡ್ಡಿಯೇ ಜಾಸ್ತಿಯಾದರೆ, ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ನಷ್ಟವನ್ನು ಸಂಬಳದ ಲೆಕ್ಕದಲ್ಲಿ ತಗ್ಗಿಸಬಹುದು. ಹೊಸ ಪದ್ಧತಿಯಲ್ಲಿ ಅದಕ್ಕೆ ದಾರಿಯಿಲ್ಲ.

ಇನ್ನು ಮೀಟರ್. 2023ರಲ್ಲಿ ಬಂದ ಗೃಹಜ್ಯೋತಿ, ಅಂದರೆ ಉಚಿತ ಕರೆಂಟ್ ಯೋಜನೆ, ಬಾಡಿಗೆದಾರರಿಗೂ ಸಿಗುತ್ತದೆ. ಮೇಲೆ-ಕೆಳಗೆ ಎರಡು ಸಂಸಾರಕ್ಕೆ ಒಂದೇ ಮೀಟರ್ ಇಟ್ಟರೆ ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರಬಹುದು, ಆಮೇಲೆ ಜಗಳ ಬಿಡಿಸುವವರು ನೀವೇ ಅಲ್ವಾ? ಬೇರೆ ಬೇರೆ ಮೀಟರ್ ಹಾಕಿಸಿ.

ಕರಾರು 11 ತಿಂಗಳಿಗೆ ಬರೆಯುವುದು ಯಾಕೆಂದರೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯದ್ದನ್ನು ನೋಂದಣಿ ಮಾಡಿಸಲೇಬೇಕು.